ಐದು ರೊಟ್ಟಿಗಳೂ ಚಿಕ್ಕ ಮಕ್ಕಳೂ

ನಮ್ಮ ಭಾನುವಾರದ ಶಾಲೆಗಳಲ್ಲಿ ಇನ್ನೂ ಅಕ್ಷರ ಬಾರದ ಕೂಸುಗಳಿಗೆ ಹೇಳಿಕೊಡುವ ಕಥೆಗಳಲ್ಲಿ ಐದು ರೊಟ್ಟಿ ಎರಡು ಮೀನುಗಳ ಕಥೆಯು ಒಂದಾಗಿದೆ. ಕರ್ತನ ಪುನರುತ್ಥಾನವನ್ನು ಬಿಟ್ಟರೆ ನಾಲ್ಕು ಮಂದಿ ಸುವಾರ್ತಿಕರೂ ಬರೆದಿಟ್ಟ ಅದ್ಭುತಕಾರ್ಯವು ಇದೊಂದೇ. ಹಸಿವು, ರೊಟ್ಟಿ, ಹುಲ್ಲು, ಜನರ ಗುಂಪು, ಒಬ್ಬ ಹುಡುಗ, ಇವೆಲ್ಲಾ ಮಕ್ಕಳು ಬಲ್ಲ ಸಂಗತಿಗಳಾದದರಿಂದ ಇದನ್ನು ಹೇಳುವದು ಸುಲಭವೆಂದು ಎಣಿಸುತ್ತೇವೆ. ಆದರೆ ಮಗುವು ಇದರಿಂದ ಏನನ್ನು ಕಲಿಯಬೇಕು? ದೇವರ ಮೇಲಣ ನಂಬಿಕೆಯನ್ನೋ, ಹಂಚಿಕೊಂಡು ತಿನ್ನುವ ಗುಣವನ್ನೋ? ಎರಡನ್ನೂ ಎಂದು ಉತ್ತರ ಕೊಡುವವರು, ಒಂದನ್ನು ಕಲಿಸಹೋಗಿ ಇನ್ನೊಂದನ್ನು ಕೆಡಿಸುವ ಅಪಾಯವುಂಟೆಂಬದನ್ನೂ ಯೋಚಿಸಬೇಕು.

ಕಥೆಯಲ್ಲಿ ಏನಿದೆಯೋ ಅದನ್ನು ಮೊದಲು ನೋಡೋಣ. ಹುಡುಗನ ಸುದ್ದಿಯು ಯೋಹಾನನ ಸುವಾರ್ತೆಯಲ್ಲಿ ಮಾತ್ರ ಇದೆ. ಮಿಕ್ಕ ಮೂವರು ಅವನನ್ನು ಹೆಸರಿಸುವದಿಲ್ಲ. ರೊಟ್ಟಿಗಳು ಜವೆಗೋಧಿಯವುಗಳೆಂದು ಹೇಳುವವನೂ ಯೋಹಾನನೇ. ಗೋಧಿಯ ಒಂದು ಅಳತೆ ನಯವಾದ ಹಿಟ್ಟಿಗೆ ಕೊಡುವ ಬೆಲೆಗೆ ಜವೆಗೋಧಿ ಎರಡು ಅಳತೆ ದೊರೆಯುತ್ತಿತ್ತೆಂದು ಎಲೀಷನ ಚರಿತ್ರೆಯಿಂದ ತಿಳಿಯುತ್ತೇವೆ. ನಮ್ಮಲ್ಲಿ ರಾಗಿಯೂ ಜೋಳವೂ ಇದ್ದ ಹಾಗೆ ಅದು ಬಡವರ ಊಟ. ಫಿಲಿಪ್ಪನು ಲೆಕ್ಕ ಹಾಕಿ, ಇನ್ನೂರು ದಿನಾರಿಗಳ ರೊಟ್ಟಿಯೂ ಸಾಲದೆಂದನು. ಒಂದು ದಿನಾರಿಯು ಕೂಲಿಯವನ ಒಂದು ದಿನದ ಸಂಬಳವಾದದರಿಂದ ಅದು ಅರ್ಧ ವರುಷದ ದುಡಿಮೆಗಿಂತ ಹೆಚ್ಚು. ಅಂಥ ಲೆಕ್ಕದ ಮುಂದೆ ಅಂದ್ರೆಯನು ನಾಚಿಕೊಂಡೇ ಹುಡುಗನನ್ನು ತೋರಿಸಿದಂತೆ ಕಾಣುತ್ತದೆ.

ಹುಡುಗನ ಹೆಸರೇನು, ವಯಸ್ಸೆಷ್ಟು, ರೊಟ್ಟಿಯನ್ನು ತಾನಾಗಿ ಕೊಟ್ಟನೋ, ಶಿಷ್ಯರು ಕೇಳಿಕೊಂಡರೋ, ಇಲ್ಲವೆ ಮಾರುವದಕ್ಕೆ ತಂದಿದ್ದನೋ, ಇದೊಂದನ್ನೂ ಸುವಾರ್ತಿಕನು ತಿಳಿಸಲಿಲ್ಲ. ಆದರೆ ನಮ್ಮ ಪಾಠಗಳಲ್ಲಿ ಅವನ ತಾಯಿಯು ಬುತ್ತಿ ಕಟ್ಟುತ್ತಾಳೆ, ಅವನು ನಗುತ್ತಾ ಓಡಿಬರುತ್ತಾನೆ, ಸ್ವಾಮಿಯು ಅವನ ತಲೆ ಸವರುತ್ತಾನೆ. ಕಥೆಗೆ ಬಣ್ಣ ಹಚ್ಚುವದು ಪಾಪವೆಂದು ನಾನು ಹೇಳುವದಿಲ್ಲ. ಆದರೂ ಮಗುವು ಹತ್ತು ವರುಷದವನಾಗಿ ತಾನೇ ಪುಸ್ತಕವನ್ನು ಬಿಡಿಸಿ ಓದಿ, ಉಪದೇಶಿ ಹೇಳಿದ್ದು ಇಲ್ಲಿ ಇಲ್ಲವಲ್ಲಾ ಎಂದು ಕಂಡುಕೊಳ್ಳುವ ದಿವಸ ಬಂದೇ ಬರುವದು. ಬುತ್ತಿಯ ವಿಷಯದಲ್ಲಿ ನಮ್ಮನ್ನು ಸಂಶಯಿಸಿದವನು ಅದ್ಭುತದ ವಿಷಯದಲ್ಲಿ ನಂಬುವನೋ? "ಹೀಗೆ ಇದ್ದೀತು" ಎಂಬ ಎರಡು ಮಾತು ಸೇರಿಸಿ ಹೇಳಿದರೆ ಕಥೆಯ ರುಚಿಯೇನೂ ಕೆಡದು.

ಇನ್ನು ಈ ಕಥೆಯನ್ನು ಕೆಡಿಸುವ ಎರಡು ಬಗೆಗಳನ್ನು ಹೇಳುತ್ತೇನೆ. "ಮಕ್ಕಳೇ, ಆ ಹುಡುಗನು ಐದು ರೊಟ್ಟಿ ಕೊಟ್ಟನು, ಹನ್ನೆರಡು ಪುಟ್ಟಿ ಉಳಿಯಿತು; ನೀವೂ ಕೊಡಿರಿ, ದೇವರು ಹೆಚ್ಚಾಗಿ ಹಿಂದಕ್ಕೆ ಕೊಡುವನು" ಎಂಬದು ಒಂದು. ಇದನ್ನು ಕೇಳಿದ ಒಬ್ಬ ಪುಟ್ಟ ಹುಡುಗಿಯು ನನ್ನನ್ನು, "ಹಾಗಾದರೆ ಉಳಿದದ್ದೆಲ್ಲಾ ಅವನಿಗೆ ಕೊಟ್ಟರೋ?" ಎಂದು ಕೇಳಿದಳು. ಅವನಿಗೆ ಕೊಟ್ಟರೆಂದು ಎಲ್ಲಿಯೂ ಬರೆದಿಲ್ಲ. ಅದಲ್ಲದೆ ಮರುದಿನ ಅದೇ ಜನರು ದೋಣಿ ಹತ್ತಿ ಹುಡುಕಿಕೊಂಡು ಬಂದಾಗ, ಅವರು ಸೂಚಕಕಾರ್ಯವನ್ನು ಅರಿತು ಬಂದವರಲ್ಲ, ಹೊಟ್ಟೆ ತುಂಬಿದ್ದಕ್ಕಾಗಿ ಬಂದವರೆಂದು ಸ್ವಾಮಿಯು ಗದರಿಸಿದನು. ಸ್ವಾಮಿಯು ಗದರಿಸಿದ ಆಶೆಯನ್ನೇ ನಾವು ಮಕ್ಕಳಿಗೆ ಪಾಠವಾಗಿ ಕಲಿಸಬಹುದೋ? ಒಂದು ಕೊಟ್ಟು ಹನ್ನೆರಡು ಪಡೆಯುವದು ಸಂತೆಯ ವ್ಯಾಪಾರ.

ಎರಡನೆಯ ಬಗೆಯು ಓದಿದವರದು. ಗುಂಪಿನಲ್ಲಿ ಅನೇಕರು ಬುತ್ತಿಯನ್ನು ಅಡಗಿಸಿಟ್ಟುಕೊಂಡಿದ್ದರು, ಒಬ್ಬರು ಬಿಚ್ಚಿದ್ದನ್ನು ಕಂಡು ಎಲ್ಲರೂ ಬಿಚ್ಚಿದರು, ಅದೇ ಅದ್ಭುತವೆಂದು ಹೇಳುತ್ತಾರೆ. ಇದು ಹೊಸ ಮಾತಲ್ಲ. ಜರ್ಮನಿಯ ಪಂಡಿತನಾದ ಪೌಲುಸ್ ಎಂಬವನು 1828ರಲ್ಲಿ ಪ್ರಕಟಿಸಿದ ಯೇಸುವಿನ ಚರಿತ್ರೆಯಲ್ಲಿ ಇಂಥ ಅರ್ಥವನ್ನೇ ಹೇಳಿದ್ದನು. ಹಂಚಿ ತಿನ್ನುವದನ್ನು ಕಲಿಸುವದಕ್ಕೆ ಇದು ಬಹು ಅನುಕೂಲವಾಗಿ ಕಾಣುತ್ತದೆ. ಆದರೆ ಆ ಊಟವಾದ ಮೇಲೆ ಜನರು ಯೇಸುವನ್ನು ಹಿಡಿದು ಅರಸನನ್ನಾಗಿ ಮಾಡಬೇಕೆಂದಿದ್ದರೆಂದು ಯೋಹಾನನು ಬರೆದಿದ್ದಾನೆ. ತನ್ನ ಬುತ್ತಿಯನ್ನು ತಾನೇ ಉಂಡವನು ಅದಕ್ಕಾಗಿ ಯಾರನ್ನಾದರೂ ಅರಸನನ್ನಾಗಿ ಮಾಡುವನೋ?

ಈ ಎರಡನ್ನೂ ಬಿಟ್ಟ ಮೇಲೆ ಉಳಿಯುವದು ಕಷ್ಟವಾದ ಪ್ರಶ್ನೆ. ನಮ್ಮ ಸಭೆಗಳಲ್ಲಿ ರಾತ್ರಿ ಒಂದೇ ಮುದ್ದೆಯನ್ನು ಮೂವರಿಗೆ ಮುರಿದು ಕೊಡುವ ಮನೆಗಳು ಇಲ್ಲದಿಲ್ಲ. ಆ ಮನೆಯ ಮಗುವಿಗೆ, "ನಂಬು, ಕೊಡು" ಎಂದು ಹೇಳುವ ಅಧಿಕಾರವು ನಮಗೆ ಎಲ್ಲಿಂದ ಬಂತು? ಆ ಮಗುವು ಮನೆಗೆ ಹೋಗಿ ಬರಿದಾದ ಗಡಿಗೆಯ ಮುಂದೆ ಕೈಮುಗಿದು ಕೂತರೆ ಏನು ಹೇಳುವೆವು?

ಗಡಿಗೆ ತುಂಬುವದೆಂದು ಹೇಳಕೂಡದು. ಸ್ವಾಮಿಯು ಅಡವಿಯಲ್ಲಿ ತಾನೇ ಹಸಿದಾಗ ಕಲ್ಲನ್ನು ರೊಟ್ಟಿ ಮಾಡಲಿಲ್ಲ. ಸಮಾರ್ಯದ ಬಾವಿಯ ಹತ್ತಿರ ಆತನು ಕೂತಿದ್ದಾಗ ಶಿಷ್ಯರು ಊರೊಳಗೆ ಊಟಕ್ಕೆ ಕೊಂಡುಕೊಳ್ಳಲು ಹೋಗಿದ್ದರು. ಸಬ್ಬತ್‌ದಿನದಲ್ಲಿ ಹಸಿದ ಶಿಷ್ಯರು ಪೈರಿನ ತೆನೆಗಳನ್ನು ಕಿತ್ತು ತಿಂದರು. ರೊಟ್ಟಿಯನ್ನು ಹೆಚ್ಚಿಸಿದ್ದು ಎರಡು ಸಾರಿಯೆಂದು ಬರೆದಿದೆ; ಮಿಕ್ಕ ದಿವಸಗಳಲ್ಲಿ ಹಣದ ಚೀಲವೂ ಅಂಗಡಿಯೂ ಬೇಕಾಗಿದ್ದವು. ಇದನ್ನು ಮಕ್ಕಳಿಗೆ ಮರೆಮಾಚಬಾರದು. ಕೂಲಿಗೆ ಹೋಗುವ ತಂದೆಯು ನಂಬಿಕೆಯಿಲ್ಲದವನಲ್ಲವೆಂದು ಅವರಿಗೆ ತಿಳಿಯಬೇಕಷ್ಟೆ.

ಕೊಡುವ ವಿಷಯದಲ್ಲಿಯೂ ಕಥೆಯೊಳಗಿನ ಕ್ರಮವನ್ನು ಗಮನಿಸಿರಿ. ಊಟ ಕೊಡಿರೆಂಬ ಅಪ್ಪಣೆಯಾದದ್ದು ಶಿಷ್ಯರಿಗೆ, ಅಂದರೆ ದೊಡ್ಡವರಿಗೆ. ಜನರನ್ನು ಕಳುಹಿಸಿಬಿಡೆಂದು ಹೇಳಿದವರೂ ಅವರೇ. ಹುಡುಗನ ರೊಟ್ಟಿಯನ್ನು ತೆಗೆದುಕೊಂಡವನು ಅವನನ್ನು ಹಸಿದು ಕೂತಿರಲು ಬಿಡಲಿಲ್ಲ; ಎಲ್ಲರೂ ತಿಂದು ತೃಪ್ತರಾದರೆಂಬ ಮಾತಿನೊಳಗೆ ಅವನೂ ಸೇರಿದ್ದಾನೆ. ಎಲೀಯನು ಚಾರೆಪ್ತದ ವಿಧವೆಯ ಕಡೇ ಹಿಡಿ ಹಿಟ್ಟಿನಿಂದ ಮೊದಲ ರೊಟ್ಟಿಯನ್ನು ಕೇಳಿದಾಗಲೂ ಅವಳೂ ಅವಳ ಮಗನೂ ಉಣ್ಣುವರೆಂಬ ದೇವರ ಮಾತನ್ನು ಕೂಡಾ ಹೇಳಿದನು. ಹೀಗಿರುವದರಿಂದ ಬಡ ಮಗುವಿನ ಕೈಯಿಂದ ಕಾಣಿಕೆ ತೆಗೆದುಕೊಳ್ಳುವ ಸಭೆಯು ಆ ಮಗುವಿನ ಊಟಕ್ಕೆ ಹೊಣೆಯಾಗುತ್ತದೆಂದು ನಾನು ತಿಳಿಯುತ್ತೇನೆ. ಹೊಣೆಯನ್ನು ಹೊರಲಾರದ ಸಭೆಯು ಕೇಳದಿರುವದು ಲೇಸು.

ಮತ್ತೊಂದು. ಭಾನುವಾರ ಗುಡಿಯ ಬಾಗಿಲಲ್ಲಿ ತಂದೆಯು ಮಗನ ಕೈಗೆ ಒಂದು ನಾಣ್ಯವನ್ನಿಟ್ಟು, ಮಗನು ಅದನ್ನು ಚೀಲದಲ್ಲಿ ಹಾಕುತ್ತಾನೆ. ಹುಡುಗನು ಕಲಿತದ್ದು ನಾಣ್ಯ ಹಾಕುವದನ್ನು; ಕೊಟ್ಟವನು ತಂದೆ. ತನ್ನ ಪಾಲಿನ ಬೆಲ್ಲದ ತುಂಡನ್ನು ತಂಗಿಗೆ ಮುರಿದು ಕೊಡುವಾಗ, ಕೊಡದೆ ಇರುವದಕ್ಕೂ ತನಗೆ ಸ್ವಾತಂತ್ರ್ಯವಿದ್ದಾಗ, ಆಗ ಅವನು ಕೊಡುತ್ತಾನೆ. ಲುಷಾಯಿ ಬೆಟ್ಟಗಳೆಂದು ಆಗ ಹೆಸರಿದ್ದ ಮಿಜೋರಾಮಿನ ಸಭೆಗಳ ಸ್ತ್ರೀಯರು 1910ರಲ್ಲಿ ಅಡಿಗೆಗೆ ಮುಂಚೆ ಒಂದೊಂದು ಹಿಡಿ ಅಕ್ಕಿಯನ್ನು ತೆಗೆದಿಡುವ ಪದ್ಧತಿಯನ್ನು ಆರಂಭಿಸಿದರು. ಅದು ಇಂದಿಗೂ ಅಲ್ಲಿ ನಡೆಯುತ್ತದೆ. ಒಲೆಯ ಹತ್ತಿರ ಕೂತು ತಾಯಿಯ ಕೈಯನ್ನು ದಿನಾಲೂ ನೋಡುವ ಮಗುವಿಗೆ ಪಾಠವನ್ನು ಬಾಯಿಂದ ಹೇಳಬೇಕಾದದ್ದು ಸ್ವಲ್ಪವೇ.

ಸ್ವಾಮಿಯು ರೊಟ್ಟಿಯನ್ನು ಮುರಿಯುವದಕ್ಕಿಂತ ಮುಂಚೆ ಜನರನ್ನು ಕೂರಿಸಿದನೆಂಬದನ್ನು ನಾವು ಬೇಗನೆ ದಾಟಿಬಿಡುತ್ತೇವೆ. ನೂರು ನೂರಾಗಿಯೂ ಐವತ್ತೈವತ್ತಾಗಿಯೂ ಹಸುರು ಹುಲ್ಲಿನ ಮೇಲೆ ಸಾಲಾಗಿ ಕೂತರೆಂದು ಮಾರ್ಕನು ಬರೆದಿದ್ದಾನೆ. ಐದು ಸಾವಿರ ಗಂಡಸರು, ಹೆಂಗಸರೂ ಮಕ್ಕಳೂ ಬೇರೆ. ಯಾವ ಊರು, ಯಾವ ಕುಲ, ಕೈ ತೊಳೆದದ್ದುಂಟೋ ಎಂದು ಯಾರೂ ವಿಚಾರಿಸಿದಂತಿಲ್ಲ. ಪಂಕ್ತಿಯೆಂದರೇನೆಂಬದು ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕೋ? ಕರ್ನಾಟಕದ ಶಾಲೆಗಳಲ್ಲಿ ಅಕ್ಷರ ದಾಸೋಹದ ಊಟವು 2002ರಲ್ಲಿ ಮೊದಲಾದಂದಿನಿಂದ ಎಲ್ಲಾ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣಬೇಕೆಂದು ಏರ್ಪಾಡಾಗಿದೆ. ಆ ಸಾಲಿನಿಂದೆದ್ದು ಮನೆಗೆ ಬಂದ ಮಗುವಿಗೆ "ಅವರ ಮನೆಯಲ್ಲಿ ನೀರು ಕುಡಿಯಬೇಡ" ಎಂದು ಹೇಳುವ ಅಜ್ಜಿಯು ಕ್ರೈಸ್ತಳೇ ಆಗಿದ್ದರೆ ಏನನ್ನೋಣ? ಮದುವೆಯೂಟದಲ್ಲಿ, ಒಂದೇ ದೀಕ್ಷಾಸ್ನಾನ ಹೊಂದಿದವರು ಹಿಂದಣ ಜಾತಿಯ ನೆನಪಿನಿಂದ ಎರಡು ಸಾಲಾಗಿ ಕೂರುವದನ್ನು ಮಕ್ಕಳು ನೋಡುತ್ತಾರೆ, ಏನೂ ಕೇಳುವದಿಲ್ಲ. ನಂಬಿಕೆಯನ್ನಾಗಲಿ ಹಂಚುವದನ್ನಾಗಲಿ ಅಂಥ ದಿನದಲ್ಲಿ ನಾವು ಎಷ್ಟು ಕೆಡಿಸುತ್ತೇವೆಂಬದು ಭಾನುವಾರದ ಪಾಠದಲ್ಲಿ ಗೊತ್ತಾಗುವದಿಲ್ಲ.

ಕಡೆಗೆ ಮಿಕ್ಕ ತುಂಡುಗಳ ಸಂಗತಿ. ಮಕ್ಕಳು ಇದನ್ನೇ ಹೆಚ್ಚಾಗಿ ಕೇಳುತ್ತಾರೆ: ಅವನ್ನು ಯಾರು ತಿಂದರು, ಪುಟ್ಟಿಗಳು ಎಲ್ಲಿಂದ ಬಂದವು, ಮೀನು ಉಳಿಯಿತೋ? ಮೊದಲ ಎರಡಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲವೆಂದು ಧೈರ್ಯವಾಗಿ ಹೇಳಿಬಿಡಿರಿ. ಪುಟ್ಟಿಗಳು ಹನ್ನೆರಡು, ಶಿಷ್ಯರೂ ಹನ್ನೆರಡು ಮಂದಿ. ಜನರನ್ನು ಕಳುಹಿಸಿಬಿಡೆಂದವರೇ ಅವುಗಳನ್ನು ಹೊತ್ತಿರಬಹುದು. ಮೂರನೆಯದಕ್ಕೆ ಉತ್ತರವುಂಟು: ಮೀನಿನ ತುಂಡುಗಳನ್ನೂ ಕೂಡಿಸಿದರೆಂದು ಮಾರ್ಕನು ಬರೆದಿದ್ದಾನೆ.