ಸಾಂತ್ವನ ಯಾರಿಗಾಗಿ?

ಸಂಜಯ ಗಾಂಧಿ ನಿರಾಧಾರ ಯೋಜನೆಯ ಹಣ ಬಂತೆಂದರೆ ಉಮದಿಯ ನಮ್ಮ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಮುದುಕಿಯರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅರ್ಜಿ ಮರಾಠಿಯಲ್ಲಿ, ಅಳಲು ಕನ್ನಡದಲ್ಲಿ. ಕಾಸರಗೋಡಿನ ಕಡೆಯಿಂದ ಬಂದ ನನಗೆ ಇದೇನೂ ಹೊಸತಲ್ಲ.

ಹೋದ ವರ್ಷ ಅವರಲ್ಲೊಬ್ಬಾಕೆ ಮಗನ ಖಾತೆ ಮುಚ್ಚಿಸಲು ಬಂದಳು. ಮರಣ ಪತ್ರ, ವಾರಸುದಾರರ ಅರ್ಜಿ, ಎರಡು ಫೋಟೋ. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನನ್ನ ಬಿಟ್ಟು ಅವನ್ನ ಯಾಕ ಒಯ್ದಾನ್ರಿ ದೇವ್ರು?" ಎಂದು ಕೇಳಿದಳು. ಹಿಂದೆ ಹನ್ನೆರಡು ಜನ ನಿಂತಿದ್ದರು. "ಎಲ್ಲ ದೇವರ ಚಿತ್ತ, ಅಜ್ಜಿ" ಎಂದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿ, ಮಾತಿಲ್ಲದೆ ಹೊರಟುಹೋದಳು.

ನಾನು ಕ್ರೈಸ್ತ, ದೇವರ ಚಿತ್ತವನ್ನು ನಂಬುವವನು. ಹಾಗಾಗಿ ನಾನು ಸುಳ್ಳಾಡಿರಲಿಲ್ಲ. ಆದರೂ ಆ ರಾತ್ರಿ ಅದು ಸುಳ್ಳಿಗಿಂತ ಕೆಟ್ಟದ್ದೆನಿಸಿತು. ಸಾಲು ಮುಂದೆ ಸರಿಯಲೆಂದು ನಾನು ದೇವರ ಹೆಸರು ಹೇಳಿದ್ದೆ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಗೆಳೆಯರು ಬಂದು, ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕುಳಿತರು. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆಯೇ. ಬಾಲ್ಯದಿಂದ ಕೇಳಿದ ಕಥೆ ನನಗೆ ಅರ್ಥವಾದದ್ದು ಕೌಂಟರಿನಲ್ಲಿ.

ಪಂಡಿತಾ ರಮಾಬಾಯಿಯ ಬದುಕನ್ನು ಮತ್ತೆ ಓದಿದ್ದೂ ಆಗಲೇ. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಈಕೆ, 1870ರ ದಶಕದ ಬರದಲ್ಲಿ ತಂದೆ ತಾಯಿ ಅಕ್ಕನನ್ನೂ 1880ರಲ್ಲಿ ಅಣ್ಣನನ್ನೂ 1882ರಲ್ಲಿ ಗಂಡನನ್ನೂ ಕಳೆದುಕೊಂಡಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ, ಹಸಿದ ನೂರಾರು ಹೆಣ್ಣುಮಕ್ಕಳನ್ನು ಪುಣೆಯ ಕಡೆಗೆ ಕರೆತಂದಳು; ಕೇಡಗಾಂವದ ಮುಕ್ತಿ ಆಶ್ರಮ ಬೆಳೆದದ್ದು ಹಾಗೆ. ಬರದಲ್ಲಿ ಹಸಿದಿದ್ದವಳೇ ಬರಕ್ಕೆ ಸಿಕ್ಕವರ ಬಳಿ ಹೋದಳು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಅನ್ನದೊಡನೆ ಮತವನ್ನೂ ಕೊಟ್ಟಳೆಂಬ ಆಕ್ಷೇಪ ಆಕೆಯ ಮೇಲಿತ್ತು. 1893ರಲ್ಲಿ ಪುಣೆಯ ಶಾರದಾ ಸದನದಿಂದ ರಾನಡೆ, ಭಂಡಾರಕರರಂಥವರೇ ಈ ಕಾರಣಕ್ಕೆ ದೂರ ಸರಿದರು. ಅದನ್ನು ನಾನು ತಳ್ಳಿಹಾಕಲಾರೆ. ಕೈಚಾಚಿ ನಿಂತವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ? ನನ್ನ ಉಪದೇಶ ಬೇಡವೆನ್ನಲು ಆ ಮುದುಕಿಗೆ ಎಲ್ಲಿತ್ತು? 1921ರಲ್ಲಿ ರಮಾಬಾಯಿ ಒಬ್ಬಳೇ ಮಗಳು ಮನೋರಮೆಯನ್ನೂ ಕಳೆದುಕೊಂಡಳು. ಆಗ ಆಕೆಗೆ 63. ಮೂಲ ಭಾಷೆಗಳನ್ನು ಕಲಿತು ಕೈಗೊಂಡಿದ್ದ ಮರಾಠಿ ಬೈಬಲಿನ ಕೆಲಸವನ್ನು ಮಾತ್ರ ಬಿಡಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ತಾನೂ ತೀರಿಕೊಂಡಳು. ಆಗ ಆಕೆಗೆ ಯಾರಾದರೂ "ದೇವರ ಚಿತ್ತ" ಎಂದಿದ್ದರೆ?

ಮುಂದಿನ ಭಾನುವಾರ ಮುದುಕಿಯ ಮನೆ ಹುಡುಕಿಕೊಂಡು ಹೋದೆ. ಉಮದಿ ಭಾವುಸಾಹೇಬ ಮಹಾರಾಜರ (1843-1914) ಊರು. ಅವರ ಪಟ ಗೋಡೆಯ ಮೇಲಿತ್ತು, ಕೆಳಗೆ ಮಗನದು. ಅಲ್ಲಿ ನನ್ನ ಪ್ರಾರ್ಥನೆಗೆ ಜಾಗವಿದೆಯೋ ಇಲ್ಲವೋ ತಿಳಿಯದೆ ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಆಕೆಯೇ ಕೇಳಿದಳು: "ನಿಮ್ಮ ಯೇಸುಸ್ವಾಮಿ ತಾಯಿನೂ ಮಗನ್ನ ಕಳಕೊಂಡಾಕಿ ಅಲ್ಲೇನ್ರಿ?"

"ಹೌದು."

"ಆಕಿಗೆ ಏನಂತ ಸಮಾಧಾನ ಹೇಳಿದ್ರು?"

ನೆನಪಿಸಿಕೊಂಡೆ. ಸಾಯುವ ಮುನ್ನ ಮಗ ಆಕೆಯನ್ನು ಶಿಷ್ಯನೊಬ್ಬನಿಗೆ ಒಪ್ಪಿಸಿದ, ಅವನು ತನ್ನ ಮನೆಗೆ ಕರೆದುಕೊಂಡು ಹೋದ, ಸಮಾಧಾನ ಹೇಳಿದ್ದು ಬರೆದಿಲ್ಲ ಎಂದೆ.

ಆಕೆ ತಲೆಯಾಡಿಸಿದಳು. "ಚಾ ಆರತೈತಿ, ಕುಡೀರಿ" ಎಂದಳು. ಆಮೇಲೆ ಮಗನ ಖಾತೆಯ ಹಣ ಯಾವಾಗ ಬರುತ್ತದೆಂದು ವಿಚಾರಿಸಿದಳು.