ದ್ರೋಹಿಯ ಪಾರ್ಟು



ಹೋದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ದುಮ್ಮವಾಡದ ತರುಣನೊಬ್ಬ ಒಂದು ಪ್ರಶ್ನೆ ಇಟ್ಟ. ಭೀಮಾ ಕೋರೆಗಾಂವದ ವಿಜಯಸ್ತಂಭದ ಫೋಟೋವನ್ನು ಸ್ಟೇಟಸ್ ಹಾಕಿದ್ದಕ್ಕೆ ಜೊತೆಗೆ ಓದಿದ ಗೆಳೆಯನೇ, ‘ಇಂಗ್ಲಿಷರ ಕಡೆ ನಿಂತು ಕಾದಿದವರು ನೀವು, ದೇಶದ್ರೋಹಿಗಳು’ ಅಂದನಂತೆ. ‘ಸರ್, ಏನಂತ ಉತ್ತರ ಕೊಡಲಿ?’ ಅಂದ. ನಾನು ಅಂದು ಹೇಳಿದ ಉತ್ತರ ನನಗೇ ಸಾಲಲಿಲ್ಲ. ಅದಕ್ಕೇ ಇದು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿಗೆ ಕಿತ್ತೂರು ಚೆನ್ನಮ್ಮನ ನಾಟಕ. ಥ್ಯಾಕರೆಗೆ ಕಿವಿಯೂದುವ ಮಲ್ಲಪ್ಪಶೆಟ್ಟಿಯ ಪಾರ್ಟು ಯಾರಿಗೂ ಬೇಡ. ಗುರುಗಳು ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನತ್ತ ಬೆರಳು ತೋರಿಸಿದರು. ಮನೆಗೆ ಬಂದು ಅತ್ತೆ. ಅಪ್ಪ ಅಂದ: “ಪಾರ್ಟು ಮಾಡು ತಮ್ಮಾ, ಅದಕ್ಕೇನಾತು. ಆದ್ರ ಆ ಕಿಲ್ಲೇದಾಗ ನಮ್ಮ ಕೇರಿ ಎಲ್ಲಿತ್ತು ಅಂತ ಮಾಸ್ತರನ್ನ ಒಂದ್ಮಾತು ಕೇಳು.” ನಾನು ಕೇಳಲಿಲ್ಲ.

ಚೆನ್ನಮ್ಮ ನನಗೂ ದೊಡ್ಡವಳೇ. ದತ್ತಕ ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಕೋಟೆ ಹೋಯಿತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ನಾಟಕದಲ್ಲಿ ಇದೆಲ್ಲ ಇತ್ತು. ಇಲ್ಲದ್ದು ಒಂದೇ: 1818ರಲ್ಲಿ ಇದೇ ಕಿತ್ತೂರು ಪೇಶ್ವೆಯ ವಿರುದ್ಧ ಇದೇ ಕಂಪನಿಯ ಕಡೆ ನಿಂತಿತ್ತು. ಕಾರಣವಿತ್ತು. ಮಲ್ಲಸರ್ಜ ದೇಸಾಯಿಯನ್ನು ಪೇಶ್ವೆ ಪುಣೆಯಲ್ಲಿ ಸೆರೆಯಿಟ್ಟಿದ್ದ. 1816ರಲ್ಲಿ ದೇಸಾಯಿ ತೀರಿಹೋದ. ಅದಕ್ಕಾಗಿ ಕಿತ್ತೂರನ್ನು ಯಾರೂ ದ್ರೋಹಿ ಅನ್ನುವುದಿಲ್ಲ, ಅನ್ನಲೂಬಾರದು. ಅದೇ 1818ರ ಜನವರಿ 1ರಂದು ಅದೇ ಪೇಶ್ವೆಯ ವಿರುದ್ಧ ಅದೇ ಕಂಪನಿಯ ದಂಡಿನಲ್ಲಿದ್ದ ಮಹಾರ ಸಿಪಾಯಿಗಳಿಗೆ ಮಾತ್ರ ಆ ಹೆಸರು ಯಾಕೆ? ಪೇಶ್ವೆಯ ರಾಜಧಾನಿಯಲ್ಲಿ ಅವರ ಕೊರಳಿಗೆ ಮಡಕೆ, ಸೊಂಟಕ್ಕೆ ಕಸಬರಿಗೆ ಕಟ್ಟಿಸಿದ್ದನ್ನು ಬಾಬಾಸಾಹೇಬರು ಬರೆದಿದ್ದಾರೆ. ದೇಸಾಯಿಯ ಸೆರೆ ನೋವು, ಮಡಕೆ ನೋವಲ್ಲವೇ?

ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಈ ವಾರ ದಕ್ಷಿಣ ಅಮೆರಿಕದ ಪೆರು ದೇಶದ ಕಥೆ ಓದಿದೆ. 1532ರ ನವೆಂಬರ್ 16ರಂದು ಕಾಜಮಾರ್ಕಾ ಎಂಬ ಊರಿನ ಚೌಕದಲ್ಲಿ ಇಂಕಾ ದೊರೆ ಅತಾಹುವಾಲ್ಪನನ್ನು ಸ್ಪೇನಿನ ಪಿಸಾರೊ ಬರೀ 168 ಜನರನ್ನು ಕಟ್ಟಿಕೊಂಡು ಸೆರೆ ಹಿಡಿದ. ಬಿಡುಗಡೆಗೆಂದು ಒಂದು ಕೋಣೆ ತುಂಬ ಬಂಗಾರ ತರಿಸಿಕೊಂಡು, ಮರುವರ್ಷ ಕುತ್ತಿಗೆ ಬಿಗಿದು ಕೊಂದರು. ಇಷ್ಟು ಕಡಿಮೆ ಜನಕ್ಕೆ ಅಷ್ಟು ದೊಡ್ಡ ಸಾಮ್ರಾಜ್ಯ ಹೇಗೆ ದಕ್ಕಿತು? ಕುದುರೆ, ಉಕ್ಕಿನ ಕತ್ತಿ, ಸಿಡುಬು, ಅಣ್ಣತಮ್ಮಂದಿರ ಕಾಳಗ, ಎಲ್ಲವೂ ಹೌದು. ಜೊತೆಗೆ ಕಾನ್ಯಾರಿ ಎಂಬ ಜನ. ಇಂಕಾಗಳು ಅವರ ನಾಡನ್ನು ಗೆದ್ದು ಆಳುತ್ತಿದ್ದರು. ಆ ದಾಯಾದಿ ಕಾಳಗದಲ್ಲಿ ಅತಾಹುವಾಲ್ಪ ಅವರನ್ನು ಕೊಚ್ಚಿಹಾಕಿಸಿದ್ದ. ಅವರು ಸ್ಪೇನಿನವರ ಕೈ ಹಿಡಿದರು. 1572ರಲ್ಲಿ ಕೊನೆಯ ಇಂಕಾ ದೊರೆ ತುಪಾಕ್ ಅಮಾರುವಿನ ತಲೆ ಕಡಿದವನು ಒಬ್ಬ ಕಾನ್ಯಾರಿ.

ಅವರನ್ನು ದ್ರೋಹಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚಲೂ ಆಗಲಿಲ್ಲ. ಆ ದಿನ ಚೌಕಕ್ಕೆ ದೊರೆಯ ಪಲ್ಲಕ್ಕಿಯ ಮುಂದೆ ದಾರಿಯ ಕಸಕಡ್ಡಿ ಗುಡಿಸುತ್ತ ಬಂದವರಿದ್ದರು. ಸತ್ತ ಸಾವಿರಾರು ಜನರಲ್ಲಿ ಹೆಚ್ಚಿನವರ ಕೈಯಲ್ಲಿ ಆಯುಧವಿರಲಿಲ್ಲ. ಕಸಬರಿಗೆ ಹಿಡಿದವನ ಸಾವನ್ನು ದೊರೆಯ ಪಾಪದ ಖಾತೆಗೆ ಹೇಗೆ ಹಚ್ಚುವುದು? ಇನ್ನೊಂದು. ಇಂಕಾಗಳ ಕಾಲದಲ್ಲಿ ಸರದಿಯ ಮೇಲೆ ಮಾಡಲೇಬೇಕಿದ್ದ ದುಡಿಮೆಗೆ ‘ಮಿತಾ’ ಎಂದು ಹೆಸರು. 1570ರ ದಶಕದಲ್ಲಿ ಸ್ಪೇನಿನವರು ಹಳ್ಳಿಹಳ್ಳಿಗಳಿಂದ ಗಂಡಸರನ್ನು ಪೊಟೊಸಿಯ ಬೆಳ್ಳಿ ಗಣಿಗೆ ಅಟ್ಟಿದ್ದೂ ‘ಮಿತಾ’ ಎಂದೇ. ಒಡೆಯ ಬದಲಾದ, ಬಿಟ್ಟಿಯ ಹೆಸರು ಸಹ ಬದಲಾಗಲಿಲ್ಲ.

ನಮ್ಮಲ್ಲೂ ಅಷ್ಟೇ. 1890ರ ದಶಕದ ಹೊತ್ತಿಗೆ ಇಂಗ್ಲಿಷರು ಮಹಾರರಿಗೆ ಸೈನ್ಯದ ಬಾಗಿಲು ಹಾಕಿದರು. 1927ರ ಜನವರಿ 1ರಂದು ಕೋರೆಗಾಂವಕ್ಕೆ ಹೋಗಿ ನಿಂತ ಬಾಬಾಸಾಹೇಬರೇ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ, ಅಸ್ಪೃಶ್ಯರಿಗೆ ನಿಮ್ಮ ಆಳ್ವಿಕೆಯಿಂದ ಆದದ್ದೇನು ಎಂದು ಇಂಗ್ಲಿಷರ ಮುಖದೆದುರೇ ಕೇಳಿದರು. ಗೆಳೆಯನಿಗೆ ಈ ಎರಡನ್ನೂ ಒಟ್ಟಿಗೇ ಹೇಳಬೇಕು ತಮ್ಮಾ. ಒಂದನ್ನೇ ಹೇಳಿದರೆ ಅರ್ಧ ಆಗುತ್ತದೆ.

ಭಗವಾನರ ಕಾಲದ ಒಂದು ಕಥೆ ನನ್ನನ್ನು ಇನ್ನೂ ಕಾಡುತ್ತದೆ. ಶಾಕ್ಯರು ಕೋಸಲದ ಪಸೇನದಿಗೆ ಕುಲದ ಹೆಣ್ಣೆಂದು ನಂಬಿಸಿ ದಾಸಿಯ ಮಗಳನ್ನು ಕೊಟ್ಟರು. ಅವಳ ಮಗ ವಿಡೂಡಭ ಕಪಿಲವಸ್ತುವಿಗೆ ಬಂದುಹೋದ ಮೇಲೆ ಅವನು ಕೂತಿದ್ದ ಮಣೆಯನ್ನು ಹಾಲು ಬೆರೆಸಿದ ನೀರಿನಿಂದ ತೊಳೆಸಿದರು. ಸುದ್ದಿ ಅವನ ಕಿವಿಗೆ ಬಿತ್ತು. ರಾಜನಾದದ್ದೇ ದಂಡೆತ್ತಿ ಬಂದ. ಭಗವಾನರು ಗಡಿಯಲ್ಲಿ ನೆರಳು ಸಾಲದ ಮರದಡಿ ಕೂತು ಮೂರು ಸಲ ಅವನನ್ನು ಹಿಂದಿರುಗಿಸಿದರು. ನಾಲ್ಕನೆಯ ಸಲ ಅವನು ನುಗ್ಗಿ ಹಾಲುಗೂಸುಗಳನ್ನೂ ಬಿಡದೆ ಕೊಂದ. ನಾವು ಕೂತೆದ್ದ ಜಾಗವನ್ನೂ ಜನ ತೊಳೆದಿದ್ದಾರೆ. ವಿಡೂಡಭನ ಉರಿ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಕೂಸುಗಳ ಎದುರು ಅವನ ಪರವಾಗಿ ನಿಲ್ಲುವುದೂ ನಮ್ಮಿಂದ ಆಗದು. ಆದರೆ ದಂಡು ಮೂರು ಸಲ ಹಿಂದಿರುಗಿತಲ್ಲ, ಆಗ ಶಾಕ್ಯರಲ್ಲಿ ಒಬ್ಬನಾದರೂ ಬಂದು ‘ಮಣೆ ತೊಳೆಸಿದ್ದು ತಪ್ಪಾಯಿತು’ ಅಂದನೆಂದು ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಈ ವರ್ಷದ ಗ್ಯಾದರಿಂಗಿಗೆ ನಮ್ಮ ಮಕ್ಕಳು ಚೆನ್ನಮ್ಮನ ನಾಟಕವನ್ನೇ ಆರಿಸಿದ್ದಾರೆ. ಪಾರ್ಟು ಹಂಚುವವನು ಈಗ ನಾನು. ಮಲ್ಲಪ್ಪಶೆಟ್ಟಿ ಈಗಲೂ ಯಾರಿಗೂ ಬೇಡ. ನಾನೇ ಮಾಡುತ್ತೇನೆ ಅಂದಿದ್ದೇನೆ, ಹುಡುಗರು ನಗುತ್ತಿದ್ದಾರೆ.

ಜೈ ಭೀಮ್.