ಹೊರಗುತ್ತಿಗೆಗೆ ಸೇರುವ ಮುನ್ನ

ನಾಡಕಚೇರಿಯ ಕಿಟಕಿಯ ಹಿಂದೆ ಕೂತು ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಹಾಕಿಕೊಳ್ಳುವ ಹುಡುಗನನ್ನು ಊರಿಗೆ ಊರೇ ಸರ್ಕಾರಿ ನೌಕರ ಎಂದುಕೊಂಡಿರುತ್ತದೆ. ಎಷ್ಟೋ ಕಡೆ ಅವನಿಗೆ ಸಂಬಳ ಹಾಕುವುದು ಒಂದು ಏಜೆನ್ಸಿ. ಸೇರುವ ಮುನ್ನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಾಲ, ಮದುವೆ, ತಂಗಿಯ ಓದು, ಎಲ್ಲದರ ಲೆಕ್ಕವೂ ಇದರ ಮೇಲೇ ನಿಂತಿದೆ.

*

ಕೆಲಸ ಮಾತ್ರ ನಾಡಿನದೇ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದಾಗ ತಾಲ್ಲೂಕು ಕಚೇರಿಗಳಲ್ಲಿ ಕೂತು ಅವನ್ನು ಒಂದೊಂದಾಗಿ ಟೈಪ್ ಮಾಡಿದವರು ಖಾಸಗಿ ಏಜೆನ್ಸಿಗಳ ಹುಡುಗ ಹುಡುಗಿಯರು. ಇಂದು ಬೆಳೆಸಾಲಕ್ಕೆಂದು ಬ್ಯಾಂಕಿಗೆ ಪಹಣಿ ಒಯ್ಯುವ ರೈತ ಅವರ ದುಡಿಮೆಯನ್ನೇ ಕೈಯಲ್ಲಿ ಹಿಡಿದಿದ್ದಾನೆ.

*

"ಸೇರ್ಕೊ, ಮುಂದೆ ಕಾಯಂ ಆಗುತ್ತೆ" ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರ ಕಾಲದಲ್ಲಿ ಆಗುತ್ತಿತ್ತು. ದಿನಗೂಲಿಯಾಗಿ ಬಂದು ಕಾಯಂ ನೌಕರರಾಗಿ ನಿವೃತ್ತರಾದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಉಮಾದೇವಿ ಪ್ರಕರಣದಲ್ಲಿ ಆ ದಾರಿಯನ್ನು ಬಹುಪಾಲು ಮುಚ್ಚಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಮಂಜೂರಾದ ಹುದ್ದೆಗಳಲ್ಲಿ ಕೋರ್ಟಿನ ಆಸರೆಯಿಲ್ಲದೆ 10 ವರ್ಷ ದುಡಿದಿದ್ದವರಿಗೆ ಒಂದು ಬಾರಿಗೆ ಮಾತ್ರ ಅವಕಾಶ ಉಳಿಯಿತು. ಹೊರಗುತ್ತಿಗೆಯವರಿಗೆ ಅಷ್ಟೂ ಕಷ್ಟ. ಕಾಗದದ ಮೇಲೆ ಅವರ ಮಾಲೀಕ ಏಜೆನ್ಸಿ.

2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವರ್ಷಾನುಗಟ್ಟಲೆ ದುಡಿದವರ ಮೇಲೆ ಉಮಾದೇವಿ ತೀರ್ಪನ್ನು ಆಯುಧ ಮಾಡಕೂಡದೆಂಬ ನಿಲುವು ತಾಳಿತು. ನನಗದು ನ್ಯಾಯವೆಂದೇ ತೋರುತ್ತದೆ. ಆದರೆ ಆ ನ್ಯಾಯ ಕೈಗೆ ಸಿಗುವ ಹೊತ್ತಿಗೆ ಆ ಪ್ರಕರಣದ ಕೆಲಸಗಾರರ ದುಡಿಯುವ ವಯಸ್ಸಿನ ಬಹುಭಾಗ ಕಳೆದಿತ್ತು. ಡಿಗ್ರಿ ಮುಗಿಸಿದ ಹುಡುಗ ಅದನ್ನು ತನ್ನ ಬದುಕಿನ ಯೋಜನೆಯಾಗಿ ಇಟ್ಟುಕೊಳ್ಳಬಾರದು.

*

ಕಾಯಂ ಆಗುವ ಆಸೆಯನ್ನು ಸಂಬಳದ ಜೊತೆ ಕೂಡಿಸಬೇಡಿ.

*

ಪಿಎಫ್‌ಗೆ ನೌಕರನ ಪಾಲು ಶೇ 12, ಮಾಲೀಕನ ಪಾಲು ಶೇ 12. 15,000 ರೂಪಾಯಿ ವೇತನಕ್ಕೆ ತಲಾ 1,800. ಎರಡೂ ಪಾಲನ್ನು ನಿಮ್ಮ ಕೈಸಂಬಳದಿಂದಲೇ ಕತ್ತರಿಸುವ ಏಜೆನ್ಸಿ ನಿಮ್ಮ ದುಡ್ಡು ಕದಿಯುತ್ತಿದೆ. ಇದಕ್ಕೆ ಮೆದುವಾದ ಮಾತು ಬೇಡ.

ಟೆಂಡರ್ ಬದಲಾಗಿ ಹೊಸ ಏಜೆನ್ಸಿ ಬಂದಾಗಲೂ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹಳೆಯದೇ ಇರಲಿ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಹೊಸಬರು ಹೊಸ ಸಂಖ್ಯೆ ಮಾಡಿಸಿಬಿಟ್ಟರೆ ಅದೇ ಕುರ್ಚಿಯಲ್ಲಿ ಕೂತು ದುಡಿದ ವರ್ಷಗಳು ದಾಖಲೆಯಲ್ಲಿ ಚೂರುಚೂರಾಗುತ್ತವೆ.

*

ಮಧ್ಯಾಹ್ನದ ಹೊತ್ತು. ಸರ್ವರ್ ಸ್ಲೋ, ಕಿಟಕಿಯಾಚೆ ಉದ್ದ ಸಾಲು. ಸಾಹೇಬರು ಮೀಟಿಂಗಿಗೆ ಹೊರಟು ನಿಂತು ಡಿಜಿಟಲ್ ಸಹಿಯ ಡಾಂಗಲನ್ನು ಮೇಜಿನ ಮೇಲಿಟ್ಟು, "ಪಾಸ್‌ವರ್ಡ್ ನಿಂಗೆ ಗೊತ್ತಲ್ಲಪ್ಪ, ಪೆಂಡಿಂಗ್ ಎಲ್ಲ ಕ್ಲಿಯರ್ ಮಾಡಿಬಿಡು" ಎನ್ನುತ್ತಾರೆ. ಹೊಸ ಹುಡುಗನಿಗೆ ಅದು ತನ್ನ ಮೇಲಿನ ವಿಶ್ವಾಸವೆನಿಸಿ ಖುಷಿಯಾಗುತ್ತದೆ. ಆದರೆ ಸಹಿಯ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವುದು ಸಹಿದಾರನ ಹೊಣೆ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ನಾಳೆ ಯಾರದೋ ಜಮೀನಿನ ಖಾತೆ ತಪ್ಪಾಗಿ ಬದಲಾದದ್ದು ಹೊರಬಿದ್ದರೆ ಮೊದಲು ಕೆಲಸ ಹೋಗುವುದು ಏಜೆನ್ಸಿಯ ಹುಡುಗನದು. "ನೀವು ಬಂದ್ಮೇಲೆ ಮಾಡೋಣ ಸಾರ್, ಫೈಲ್ ರೆಡಿ ಇಟ್ಟಿರ್ತೀನಿ." ಇಷ್ಟು ಹೇಳುವ ಧೈರ್ಯವನ್ನು ಮೊದಲ ವಾರವೇ ರೂಢಿಸಿಕೊಳ್ಳಬೇಕು. ತಡವಾದರೆ ಬಾಯಿ ಬರುವುದಿಲ್ಲ.

*

ಊರಲ್ಲೇ ಇರಬೇಕು, ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕು ಎಂದು ಈ ಕೆಲಸ ಹಿಡಿಯುವವರನ್ನು ಕಂಡರೆ ನನಗೆ ಗೌರವ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಅಲ್ಲಿನ ಸಂಬಳಕ್ಕೂ ಇಲ್ಲಿನದಕ್ಕೂ ಅಂತರ ಅಷ್ಟೇನೂ ಉಳಿಯದ ಮನೆಗಳೂ ಉಂಟು.

*

ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತ ಈ ಕೆಲಸ ಮಾಡುವೆನೆನ್ನುವವರು ವಯೋಮಿತಿಯ ವರ್ಷವನ್ನು ಗೋಡೆಯ ಮೇಲೆ ಬರೆದಿಡಲಿ.

*

ಏನು ಕಲಿಯುತ್ತೇವೆ ಎಂಬ ಪ್ರಶ್ನೆ ಸಂಬಳದಷ್ಟೇ ದೊಡ್ಡದು. ಡೇಟಾಬೇಸ್, ನೆಟ್‌ವರ್ಕ್, ಸರ್ವರ್ ನೋಡಿಕೊಳ್ಳುವ ಜಾಗ ಸಿಕ್ಕರೆ ಎರಡು ವರ್ಷ ಇದ್ದು ಗಟ್ಟಿಯಾಗಿ ಹೊರಬರಬಹುದು. ದಿನವಿಡೀ ಒಂದೇ ಫಾರಂ ತುಂಬುವ ಜಾಗವಾದರೆ ಸಂಜೆಯ ಹೊತ್ತಿನಲ್ಲಿ ಬೇರೆ ಏನಾದರೂ ಕಲಿಯಲೇಬೇಕು. ಇಲ್ಲದಿದ್ದರೆ ಹತ್ತು ವರ್ಷದ ಅನುಭವ ಎಂದು ಬಯೋಡೇಟಾದಲ್ಲಿ ಬರೆದರೂ ಸಂದರ್ಶನಕಾರ ನೋಡುವುದು ಒಂದೇ ವರ್ಷದ ಕಲಿಕೆಯನ್ನು.

*

ಸಂಧ್ಯಾ ಸುರಕ್ಷಾ ಹಣ ನಿಂತುಹೋಯಿತೆಂದು ಅಜ್ಜಿಯೊಬ್ಬಳು ಬರುತ್ತಾಳೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಅದನ್ನು ಹುಡುಕಿ, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಯಾವ ಬ್ಯಾಂಕಿಗೆ ಯಾವ ಕಾಗದ ಒಯ್ಯಬೇಕೆಂದು ಚೀಟಿ ಬರೆದುಕೊಟ್ಟವನಿಗೆ ಆ ದಿನ ಕೆಲಸದ ಬಗ್ಗೆ ಸಂಶಯ ಇರುವುದಿಲ್ಲ. ಇಂಥ ದಿನಗಳು ಕಾರ್ಪೊರೇಟ್ ಕಚೇರಿಯಲ್ಲಿ ಅಪರೂಪ.

*

ಮಾರ್ಚ್ ಮುಗಿಯುವಾಗ ಟೆಂಡರ್ ಮುಗಿದು, ನವೀಕರಣದ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಎರಡು ಮೂರು ತಿಂಗಳ ಸಂಬಳ ನಿಂತಿರುತ್ತದೆ. ಕೆಲಸ ನಿಂತಿರುವುದಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಇಲಾಖೆಯೇ, ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇಟ್ಟ ನಿಯಮವನ್ನು ಹೊಸ ಕಾರ್ಮಿಕ ಸಂಹಿತೆಯೂ ಉಳಿಸಿಕೊಂಡಿದೆ. ಇಲಾಖೆಗಳು ತಮ್ಮ ಈ ಹೊಣೆಯನ್ನು ಕೇಳುವ ಮೊದಲೇ ನೆರವೇರಿಸಬೇಕು. ತಹಶೀಲ್ದಾರರ ಸಂಬಳ ಬಂದ ದಿನವೇ ಅವರ ಪಕ್ಕದ ಕೋಣೆಯ ಆಪರೇಟರ್‌ಗೂ ಬರಲಿ.

*

ಸೇರಲು ನಿಶ್ಚಯಿಸಿದ್ದರೆ ನೇಮಕಾತಿ ಪತ್ರವನ್ನು ಬರಹದಲ್ಲಿ ಪಡೆಯಿರಿ. ಗುತ್ತಿಗೆ ಯಾವ ದಿನಾಂಕದವರೆಗೆ, ಕೈಗೆ ಬರುವ ಸಂಬಳವೆಷ್ಟು, ಪಿಎಫ್ ಮತ್ತು ಇಎಸ್‌ಐ ಯಾರು ಕಟ್ಟುತ್ತಾರೆ ಎಂಬುದು ಅದರಲ್ಲಿರಲಿ. ಮೂರು ತಿಂಗಳ ಮನೆಖರ್ಚು ಕೂಡಿಡಿ. ಪ್ರತಿ ತಿಂಗಳೂ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಒಂದು ತಿಂಗಳು ಹಣ ಬೀಳದಿದ್ದರೂ ಅದೇ ವಾರ ಕೇಳಿ.